ಅಜ್ಜಿ, ಇಂಬಳ ಮತ್ತು ರಕ್ತ ಸಂಚಾರದ ಮದ್ದು

ನಮ್ಮ ಕಡೆ ಮಳೆಗಾಲದಲ್ಲಿ ಇಂಬಳ ಕಚ್ಚುವುದು ಒಂದು ಸುದ್ದಿಯೇ ಅಲ್ಲ. ಸಕಲೇಶಪುರದಿಂದ ಹೆತ್ತೂರು ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ತೋಟಕ್ಕೆ ಕಾಲಿಟ್ಟರೆ ವಾಪಸ್ ಬರುವಾಗ ಎರಡೋ ಮೂರೋ ಇಂಬಳ ಕಾಲಲ್ಲಿ ಇದ್ದೇ ಇರುತ್ತೆ. ಸುಣ್ಣವೋ ಹೊಗೆಸೊಪ್ಪೋ ತಾಗಿಸಿದರೆ ಉದುರುತ್ತೆ. ಸ್ವಲ್ಪ ಹೊತ್ತು ರಕ್ತ ಸೋರುತ್ತೆ, ಆಮೇಲೆ ನಿಲ್ಲುತ್ತೆ, ಎರಡು ದಿನ ತುರಿಸುತ್ತೆ. ಅಷ್ಟೇ.

ಕಳೆದ ಆಷಾಢದಲ್ಲಿ ಅಜ್ಜಿಗೆ ಕಚ್ಚಿದ್ದು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಕೊಟ್ಟಿಗೆ ಹಿಂದೆ ಪತ್ರೊಡೆಗೆ ಕೆಸುವಿನೆಲೆ ಕೊಯ್ಯೋಕೆ ಹೋಗಿದ್ದರು. ಪಾದದ ಹತ್ತಿರ ಒಂದೇ ಒಂದು ಇಂಬಳ. ಮಧ್ಯಾಹ್ನದ ಊಟದ ಹೊತ್ತಿಗೂ ಸೋರುತ್ತಿತ್ತು. ರಾತ್ರಿ ಮೂರನೇ ಬಟ್ಟೆ ಬದಲಾಯಿಸಿದಾಗ ಅಪ್ಪನ ಮುಖ ನೋಡಿ ನನಗೂ ಭಯ ಆಯಿತು. ಕರೆಂಟ್ ಇಲ್ಲ, ರಸ್ತೆಗೆ ಮರ ಬಿದ್ದಿದೆ ಅಂತ ಫೋನ್ ಬಂದಿತ್ತು. ಟಾರ್ಚ್ ಬೆಳಕಲ್ಲಿ ನೋಡಿದಾಗ ಅಜ್ಜಿಯ ಎರಡೂ ತೋಳಿನಲ್ಲಿ ನೇರಳೆ ಬಣ್ಣದ ಕಲೆಗಳು. ಎಲ್ಲೂ ಬಿದ್ದಿಲ್ಲ, ತಾಗಿಸಿಕೊಂಡೂ ಇಲ್ಲ.

ಬೆಳಗಾದ ಮೇಲೆ ಹಾಸನಕ್ಕೆ ಕರೆದುಕೊಂಡು ಹೋದೆವು. ಅಜ್ಜಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಹಾಳಾಗಿತ್ತು. ಕೆಲವು ವರ್ಷದ ಹಿಂದೆ ಅದನ್ನು ತೆಗೆದು ಲೋಹದ ಕವಾಟ ಹಾಕಿದ್ದಾರೆ. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ರಾತ್ರಿ ವಾರ್ಫರಿನ್ ಮಾತ್ರೆ. ಅದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಅದಕ್ಕೆ ಐಎನ್‌ಆರ್ ಅನ್ನೋ ರಕ್ತ ಪರೀಕ್ಷೆ ಇದೆ. ಮಾತ್ರೆ ತಗೊಳ್ಳದ ಆರೋಗ್ಯವಂತರಿಗೆ ಅದು ಸುಮಾರು 1 ಇರುತ್ತೆ. ಅಜ್ಜಿಯಂಥವರಿಗೆ 2.5ರಿಂದ 3.5ರೊಳಗೆ ಇರಬೇಕು. ಅವತ್ತು ಬಂದದ್ದು 6.8.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದಾರಾ?" ಅಂತ ಡಾಕ್ಟರ್ ಕೇಳಿದರು. ನಾವೆಲ್ಲ ಒಟ್ಟಿಗೆ ಇಲ್ಲ ಅಂದೆವು. ಅಜ್ಜಿಯೂ ಇಲ್ಲ ಅಂದರು. ಸುಳ್ಳು ಹೇಳಿದ್ದಲ್ಲ, ಅವರ ಪ್ರಕಾರ ಅದು ಔಷಧಿ ಲೆಕ್ಕಕ್ಕೇ ಬರೋದಿಲ್ಲ. ನಾನು ಬಟ್ಟೆ ತರೋಕೆ ಮನೆಗೆ ಬಂದಾಗ ದೇವರ ಕೋಣೆಯ ಕಪಾಟಿನಲ್ಲಿ ಎರಡು ಬಾಟಲಿ ಸಿಕ್ಕಿತು. ಒಂದರಲ್ಲಿ ಆಲೂರು ಕಡೆಯ, ಅಂದರೆ ಅಜ್ಜಿಯ ತವರಿನ ಕಡೆಯ, ನಾಟಿ ವೈದ್ಯರು ಕೊಟ್ಟ ಕಷಾಯ. ಇನ್ನೊಂದು ಸಿಂಗಾಪುರದಿಂದ ನೆಂಟರೊಬ್ಬರು ತಂದುಕೊಟ್ಟ ಗುಳಿಗೆ. ಚೀನೀ ಅಕ್ಷರದ ಕೆಳಗೆ ಸಣ್ಣದಾಗಿ ಇಂಗ್ಲಿಷಿನಲ್ಲಿ ದಾನ್‌ಶೆನ್ ಅಂತ ಇತ್ತು. ಕಾಲು ಊದುತ್ತೆ, ಪಾದ ಜೋಮು ಹಿಡಿಯುತ್ತೆ ಅಂದಿದ್ದಕ್ಕೆ ಇಬ್ಬರೂ ಒಂದೇ ಮಾತು ಹೇಳಿದ್ದರಂತೆ: "ರಕ್ತ ಸಂಚಾರ ಸರಿ ಇಲ್ಲ, ಇದು ತಗೊಳ್ಳಿ."

ಆ ಎರಡು ಬಾಟಲಿಯಲ್ಲಿ ಏನಿತ್ತು, ರಕ್ತ ಸಂಚಾರ ಅಂದರೆ ಏನು ಅಂತ ಓದುತ್ತಾ ಹೋದೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಾಗಿ ಬಂದಾಗಲೇ ನನಗೆ ಎಷ್ಟು ಅರ್ಥ ಆಗಿಲ್ಲ ಅಂತ ಗೊತ್ತಾಗಿದ್ದು.

ತೋಟದ ಪಂಪ್‌ಸೆಟ್

ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬರದಿದ್ದರೆ ಕಾಫಿ ಗಿಡಕ್ಕೆ ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಯುತ್ತೇವೆ. ಮೇಲಿನ ಪಟ್ಟೆಯಲ್ಲಿ ನೀರು ಸರಿಯಾಗಿ ಚಿಮ್ಮದಿದ್ದರೆ "ನೀರಿನ ಸಂಚಾರ ಸರಿ ಇಲ್ಲ" ಅಂತ ಅಪ್ಪ ಸುಮ್ಮನೆ ಕೂರೋದಿಲ್ಲ. ಇಂಜಿನ್ ಎಳೀತಿದೆಯಾ ನೋಡುತ್ತಾರೆ. ಫುಟ್ ವಾಲ್ವ್ ಹಿಂದಕ್ಕೆ ಸೋರುತ್ತಿದೆಯಾ ನೋಡುತ್ತಾರೆ. ಪೈಪ್ ಎಲ್ಲಾದರೂ ಮಡಚಿದೆಯಾ, ಜೆಟ್‌ಗೆ ಕಸ ಸಿಕ್ಕಿದೆಯಾ ನೋಡುತ್ತಾರೆ. ತೊಂದರೆ ಎಲ್ಲಿದೆ ಅಂತ ಗೊತ್ತಾಗದೆ ರಿಪೇರಿ ಇಲ್ಲ.

ದೇಹದಲ್ಲೂ ಹೀಗೇ. ಹೃದಯ ಅನ್ನೋ ಪಂಪ್ ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತೆ. ಅದರ ಕವಾಟಗಳು ನಮ್ಮ ಫುಟ್ ವಾಲ್ವ್ ಥರ, ಒಂದೇ ದಿಕ್ಕಿಗೆ ಬಿಡುತ್ತವೆ. ರಕ್ತನಾಳ ಪೈಪು. ಹರಿಯುವುದು ರಕ್ತ. ಪೈಪ್‌ನ ವಿಷಯಕ್ಕೆ ನಮ್ಮ ಸಿಲಬಸ್‌ನ ಪ್ವಾಸಾಯ್ ಸೂತ್ರ ಬರುತ್ತೆ: ಒತ್ತಡ ಅಷ್ಟೇ ಇದ್ದರೆ, ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತೆ. ನಾಳದ ತ್ರಿಜ್ಯ ಅರ್ಧ ಆದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಶೇಕಡಾ 10 ಅಗಲ ಆದರೆ ಸುಮಾರು ಒಂದೂವರೆ ಪಟ್ಟು ಆಗುತ್ತೆ. ರಕ್ತ ನೀರಿನಂಥ ಸರಳ ದ್ರವ ಅಲ್ಲ, ನಾಳ ಕಬ್ಬಿಣದ ಪೈಪೂ ಅಲ್ಲ, ಹಾಗಾಗಿ ಲೆಕ್ಕ ಇಷ್ಟು ನಿಖರವಾಗಿ ಕೂರೋದಿಲ್ಲ. ಆದರೆ ಪೈಪಿನ ಅಗಲ ಎಷ್ಟು ಮುಖ್ಯ ಅಂತ ಗೊತ್ತಾಗುತ್ತೆ. ಇನ್ನೊಂದು ವಿಷಯ, ಈ ಪ್ವಾಸಾಯ್ ಇಂಜಿನಿಯರ್ ಅಲ್ಲ, ಫ್ರಾನ್ಸಿನ ಒಬ್ಬ ವೈದ್ಯ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ತಿಳಿಯೋಕೆ ಹೊರಟು, 1840ರ ದಶಕದಲ್ಲಿ ಗಾಜಿನ ಸಣ್ಣ ನಳಿಗೆಗಳಲ್ಲಿ ನೀರು ಹರಿಸಿ ಅಳೆದವನು. ವೈವಾದಲ್ಲಿ ಇದನ್ನು ಯಾರೂ ಕೇಳೋದಿಲ್ಲ, ಕೇಳಬೇಕಿತ್ತು.

ಅಜ್ಜಿಯ ತರ್ಕ ತಪ್ಪಿದ್ದು ಹರಿಯುವ ದ್ರವದ ವಿಷಯದಲ್ಲಿ. ವಾರ್ಫರಿನ್‌ಗೆ ಎಲ್ಲರೂ "ರಕ್ತ ತೆಳು ಮಾಡೋ ಮಾತ್ರೆ" ಅಂತಾರೆ. ಇಂಗ್ಲಿಷಿನಲ್ಲೂ ಬ್ಲಡ್ ಥಿನ್ನರ್ ಅಂತಲೇ ಕರೆಯೋದು. ಆ ಹೆಸರೇ ದಾರಿ ತಪ್ಪಿಸುತ್ತೆ. ತೆಳು, ಗಟ್ಟಿ ಅನ್ನೋದು ಸ್ನಿಗ್ಧತೆಯ ಮಾತು. ಅಜ್ಜಿಗೆ ಸ್ನಿಗ್ಧತೆ ಅಂದರೆ ಗೊತ್ತಾಗಲಿಲ್ಲ, "ಬೆಲ್ಲದ ಪಾಕ ಎಳೆ ಬರೋದು" ಅಂದಾಗ ತಕ್ಷಣ ಗೊತ್ತಾಯಿತು. ವಾರ್ಫರಿನ್ ಪಾಕವನ್ನು ನೀರು ಮಾಡೋದಿಲ್ಲ. ರಕ್ತ ಮೊದಲಿನಷ್ಟೇ ಮಂದ ಇರುತ್ತೆ, ಮೊದಲಿನ ವೇಗದಲ್ಲೇ ಹರಿಯುತ್ತೆ. ಅದು ಮಾಡೋದು ಒಂದೇ ಕೆಲಸ: ಹೆಪ್ಪುಗಟ್ಟೋದನ್ನು ನಿಧಾನ ಮಾಡುತ್ತೆ. ಹಾಲಿಗೆ ಹೆಪ್ಪು ಹಾಕಿ, ಅದು ಮೊಸರಾಗೋದನ್ನು ತಡೆದ ಹಾಗೆ. ತೆಳು ಆದಷ್ಟೂ ಚೆನ್ನಾಗಿ ಓಡುತ್ತೆ, ಮಾತ್ರೆ ಜೊತೆ ಕಷಾಯವೂ ಸೇರಿದರೆ ಇನ್ನೂ ಚೆನ್ನಾಗಿ ಓಡುತ್ತೆ ಅಂತ ಅಜ್ಜಿ ಅಂದುಕೊಂಡಿದ್ದರು. ಅವರ ಕಾಲು ಊದುತ್ತಿದ್ದದ್ದು ಹೃದಯದ ಪಂಪಿಂಗ್ ಕಡಿಮೆಯಾಗಿ ನೀರು ಕೆಳಗೆ ನಿಲ್ಲುತ್ತಿದ್ದರಿಂದ ಅಂತ ಡಾಕ್ಟರ್ ಹೇಳಿದರು. ತೊಂದರೆ ಇದ್ದದ್ದು ಇಂಜಿನ್‌ನಲ್ಲಿ, ನಾವು ಮದ್ದು ಹಾಕಿದ್ದು ನೀರಿಗೆ.

ಚೀನಾದ ಬಾಟಲಿ

ಚೀನೀ ವೈದ್ಯದಲ್ಲಿ "ರಕ್ತವನ್ನು ಚಲಿಸುವಂತೆ ಮಾಡಿ, ನಿಂತ ರಕ್ತವನ್ನು ಕರಗಿಸುವ" ಮದ್ದುಗಳದ್ದೇ ಒಂದು ದೊಡ್ಡ ವರ್ಗ ಇದೆ. ನೋವು ಒಂದೇ ಜಾಗದಲ್ಲಿ ಚುಚ್ಚಿದ ಹಾಗಿದ್ದರೆ, ತುಟಿ ನಾಲಿಗೆ ಕಪ್ಪಾಗಿದ್ದರೆ ರಕ್ತ ನಿಂತಿದೆ ಅನ್ನುತ್ತಾರೆ. ದಾನ್‌ಶೆನ್ ಆ ವರ್ಗದ ಮುಖ್ಯ ಬೇರು. ಹೆಸರಿನ ಅರ್ಥ ಕೆಂಪು ಬೇರು. ನಮ್ಮ ಪಾರ್ಕುಗಳಲ್ಲಿ ಕೆಂಪು ಹೂ ಬಿಡುವ ಸಾಲ್ವಿಯಾ ಗಿಡದ ಜಾತಿಯದ್ದೇ.

ಈ ವರ್ಗದ ಪಟ್ಟಿ ಓದುವಾಗ ನನಗೆ ಆಶ್ಚರ್ಯ ಆಗಿದ್ದು ಪರಿಚಯದ ಹೆಸರುಗಳು ಸಿಕ್ಕಿದ್ದಕ್ಕೆ. ನಮ್ಮ ಅರಿಶಿನ ಅಲ್ಲಿದೆ. ಬೆಟ್ಟದ ಕಾಡಿನಲ್ಲಿ ಹಬ್ಬುವ ಮಂಜಿಷ್ಠವನ್ನೂ ಚೀನೀ ವೈದ್ಯದಲ್ಲಿ ಬಳಸುತ್ತಾರೆ. ಆಯುರ್ವೇದದಲ್ಲಿ ಮಂಜಿಷ್ಠ "ರಕ್ತ ಶುದ್ಧಿ"ಗೆ, ಚೀನಾದಲ್ಲಿ ಅದೇ ಬೇರು ರಕ್ತಸ್ರಾವ ನಿಲ್ಲಿಸೋಕೆ ಮತ್ತು ರಕ್ತ ಚಲಿಸೋಕೆ. ಗಿಡ ಒಂದೇ, ಅಲ್ಲಿ ಕೇಳುವ ಪ್ರಶ್ನೆ ರಕ್ತ ಓಡ್ತಿದೆಯಾ ಅಂತ, ಇಲ್ಲಿ ಕೇಳುವುದು ರಕ್ತ ಕೆಟ್ಟಿದೆಯಾ ಅಂತ. ಇನ್ನೊಂದು ಹೆಸರು ಹೊಂಗ್‌ಹುವಾ, ಅಂದರೆ ಕೆಂಪು ಹೂ. ಹುಡುಕಿದರೆ ಅದು ನಮ್ಮ ಕುಸುಬೆ! ಹಾಸ್ಟೆಲ್‌ನಲ್ಲಿ ವಿಜಯಪುರದ ಗೆಳೆಯನಿಗೆ ತೋರಿಸಿದೆ. "ಏ, ಇದು ಕುಸುಬಿ ಅಲ್ಲೇನು? ದನ ಬರಬಾರ್ದು ಅಂತ ಹೊಲದ ಸುತ್ತ ಹಾಕ್ತಾರ, ಮುಳ್ಳು ಇರ್ತಾವಲ್ಲ" ಅಂದ. ಅವರಿಗೆ ಬೀಜದ ಎಣ್ಣೆ ಬೇಕು, ಚೀನಾದವರಿಗೆ ಹೂವಿನ ಎಸಳು ಬೇಕು.

ಈ ಹೂ ಹಾಕುವ ಒಂದು ಪ್ರಸಿದ್ಧ ಕಷಾಯವನ್ನು ಬರೆದವನು ವಾಂಗ್ ಚಿಂಗ್‌ರೆನ್ ಅನ್ನೋ ವೈದ್ಯ, ಪುಸ್ತಕ ಬಂದದ್ದು 1830ರಲ್ಲಿ. ಹಳೆಯ ಗ್ರಂಥಗಳ ದೇಹರಚನೆ ತಪ್ಪು ಅಂತ ಅವನಿಗೆ ಅನುಮಾನ. 1797ರಲ್ಲಿ ಸಾಂಕ್ರಾಮಿಕ ರೋಗದಿಂದ ಸತ್ತ ಮಕ್ಕಳ ಹೆಣಗಳನ್ನು ಸ್ಮಶಾನಕ್ಕೇ ಹೋಗಿ ಪರೀಕ್ಷಿಸಿದ. ಸತ್ತವರ ಅಪಧಮನಿಗಳು ಖಾಲಿ ಇದ್ದದ್ದು ಕಂಡು ಅವು ಗಾಳಿಯ ನಾಳ ಅಂದುಕೊಂಡ, ಎದೆಯಲ್ಲಿ ರಕ್ತದ ಒಂದು ಮನೆ ಇದೆ ಅಂದುಕೊಂಡ. ಹಾರ್ವೆ ರಕ್ತ ಸುತ್ತು ಹೊಡೆಯುತ್ತೆ ಅಂತ 1628ರಲ್ಲೇ ಬರೆದಿದ್ದ. ವಾಂಗ್‌ನ ತೀರ್ಮಾನ ತಪ್ಪು, ಆದರೆ ಸ್ವಂತ ಕಣ್ಣಿಂದ ನೋಡಬೇಕು ಅನ್ನೋ ಹಟ ನನಗೆ ಇಷ್ಟ ಆಯಿತು. ಅವನ ಆ ಕಷಾಯವನ್ನು ಇವತ್ತಿಗೂ ಬಳಸುತ್ತಾರೆ.

ಇನ್ನು ನಮಗೆ ಬೇಕಾದ ವಿಷಯ. ದಾನ್‌ಶೆನ್ ಮತ್ತು ವಾರ್ಫರಿನ್ ಒಟ್ಟಿಗೆ ತಗೊಂಡವರ ಐಎನ್‌ಆರ್ ವಿಪರೀತ ಏರಿ ರಕ್ತಸ್ರಾವ ಆದ ಪ್ರಕರಣಗಳನ್ನು ಹಾಂಗ್‌ಕಾಂಗ್‌ನ ವೈದ್ಯರು 1990ರ ದಶಕದಲ್ಲೇ ವರದಿ ಮಾಡಿದ್ದಾರೆ. ಅವರಲ್ಲಿ ಅಜ್ಜಿಯ ಹಾಗೆ ಕವಾಟ ಬದಲಾಯಿಸಿಕೊಂಡವರೂ ಇದ್ದರು. ನಾನು ಇದನ್ನು ಓದಿದ್ದು ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು, ಬಾಟಲಿ ಕೈಯಲ್ಲಿ ಹಿಡಿದುಕೊಂಡು. ಎದ್ದು ಹೋಗಿ ಡಾಕ್ಟರಿಗೆ ಎರಡೂ ಬಾಟಲಿ ಕೊಟ್ಟೆ. ಅವರು ಬೈಯಲಿಲ್ಲ. "ಇದನ್ನೇ ನಾನು ಕೇಳಿದ್ದು" ಅಂದರು.

ನಮ್ಮ ಬೆಟ್ಟದ ಬೇರು

ಹಾಗಾದರೆ ಗಿಡಮೂಲಿಕೆ ಎಲ್ಲ ಮೋಸ ಅಂತ ನಮ್ಮ ಕ್ಲಾಸಿನವರು ಹೇಳುತ್ತಾರೆ. ನನಗೆ ಹಾಗೆ ಅನಿಸೋದಿಲ್ಲ. ಕೆಲಸವನ್ನೇ ಮಾಡದ ಮದ್ದಾಗಿದ್ದರೆ ಐಎನ್‌ಆರ್ 6.8ಕ್ಕೆ ಯಾಕೆ ಏರಬೇಕಿತ್ತು?

ಸರ್ಪಗಂಧಿಯ ಕಥೆ ನೋಡಿ. ಪಶ್ಚಿಮ ಘಟ್ಟದ ತೇವದ ಕಾಡಿನ ನೆರಳಲ್ಲಿ ಬೆಳೆಯುವ ಸಣ್ಣ ಗಿಡ, ಸೊಂಟದೆತ್ತರವೂ ಬರೋದಿಲ್ಲ. ಕೆಂಪು ತೊಟ್ಟು, ಬಿಳಿ ಹೂ, ಹಣ್ಣಾದಾಗ ಕಪ್ಪು ಕಾಯಿ. ಹಾವು ಕಚ್ಚಿದ್ದಕ್ಕೆ, ಹುಚ್ಚಿಗೆ, ನಿದ್ದೆ ಬಾರದ್ದಕ್ಕೆ ದೇಶದ ತುಂಬ ಇದರ ಬೇರು ಕೊಡುತ್ತಿದ್ದರು. 1931ರಲ್ಲಿ ಸೇನ್ ಮತ್ತು ಬೋಸ್ ಅನ್ನೋ ವೈದ್ಯರು ಇದು ರಕ್ತದೊತ್ತಡ ಇಳಿಸುತ್ತೆ ಅಂತ ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇರಿನಿಂದ ಅಜ್ಮಲಿನ್ ಬೇರ್ಪಡಿಸಿದರು, ಹಕೀಮ್ ಅಜ್ಮಲ್ ಖಾನ್ ಅವರ ಹೆಸರಿಟ್ಟರು. ಹೊರದೇಶದವರು ಗಮನ ಕೊಟ್ಟದ್ದು 1949ರಲ್ಲಿ, ಮುಂಬೈನ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲಿನ ಪ್ರಯೋಗವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ತೆಗೆದರು. ಚೀನಾದವರೂ ತಮ್ಮ ಕಡೆಯ ಸರ್ಪಗಂಧಿ ಜಾತಿಯ ಗಿಡದಿಂದ ಬಿಪಿ ಮಾತ್ರೆ ಮಾಡಿದರು.

ರಿಸರ್ಪಿನ್ ಪಂಪ್‌ಗಿಂತ ಹೆಚ್ಚಾಗಿ ಪೈಪಿನ ಮೇಲೆ ಕೆಲಸ ಮಾಡುತ್ತೆ. ರಕ್ತನಾಳಗಳನ್ನು ಬಿಗಿ ಹಿಡಿಯುವ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಶೇಖರವಾಗಿರುತ್ತೆ. ರಿಸರ್ಪಿನ್ ಆ ಶೇಖರಣೆಯನ್ನೇ ಬರಿದು ಮಾಡುತ್ತೆ. ಬಿಗಿ ಸಡಿಲ ಆಗುತ್ತೆ, ಒತ್ತಡ ಇಳಿಯುತ್ತೆ. ಆದರೆ ಅದೇ ರಾಸಾಯನಿಕ ಮೆದುಳಿನಲ್ಲೂ ಬೇಕು. ಹೆಚ್ಚು ಪ್ರಮಾಣದಲ್ಲಿ ತಗೊಂಡ ಕೆಲವರು ಮಂಕಾದರು, ಖಿನ್ನತೆಗೆ ಹೋದರು. ಹುಚ್ಚಿನ ಮದ್ದೂ ಬಿಪಿ ಮದ್ದೂ ಒಂದೇ ಬೇರು ಯಾಕೆ ಆಗಿತ್ತು ಅಂತ ಅಲ್ಲಿಗೆ ಗೊತ್ತಾಯಿತು. ಇವತ್ತು ಡಾಕ್ಟರುಗಳು ಇದನ್ನು ಬರೆಯೋದು ಅಪರೂಪ. ಗಿಡವೂ ಅಪರೂಪ ಆಗಿದೆ, ಬೇರಿಗಾಗಿ ಕೀಳೋದರಿಂದ ಇಡೀ ಗಿಡವೇ ಹೋಗುತ್ತೆ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿ ಇದರ ಹೆಸರಿದೆ. ಆಲೂರು, ಸಕಲೇಶಪುರದ ಕಡೆ ಈಗ ಆನೆ ಭಯಕ್ಕೆ ಜನ ಬೇರು ಹುಡುಕಿಕೊಂಡು ಕಾಡಿಗೆ ಹೋಗೋದು ಕಡಿಮೆ ಆಗಿದೆ. ಗಿಡಕ್ಕೆ ಅದೊಂದು ಲಾಭ ಅನ್ನಬಹುದೇನೋ.

ಹೊಳೆಬದಿಯ ಹೊಳೆಮತ್ತಿ, ಅಂದರೆ ಅರ್ಜುನ, ಇದರ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಹೃದಯಕ್ಕೆ ಕೊಡೋದು ಆಯುರ್ವೇದದ ಹಳೆಯ ಪದ್ಧತಿ. ಮನೆಯಂಗಳದ ಒಂದೆಲಗದ ಸಾರವನ್ನು ಯುರೋಪಿನಲ್ಲಿ ಕಾಲಿನ ಅಭಿಧಮನಿಗಳ ತೊಂದರೆಗೆ ಬಳಸುತ್ತಾರೆ. ನಾವು ತಂಬುಳಿ ಮಾಡಿ ಅನ್ನಕ್ಕೆ ಕಲಸುತ್ತೇವೆ. ಬೆಳ್ಳುಳ್ಳಿ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳೋದನ್ನು ಸ್ವಲ್ಪ ತಡೆಯುತ್ತೆ. ಅಡುಗೆಗೆ ಹಾಕುವಷ್ಟು ಅರಿಶಿನ, ಬೆಳ್ಳುಳ್ಳಿ ಬೇರೆ, ಅದನ್ನೇ ಬತ್ತಿಸಿ ಗಟ್ಟಿ ಸಾರ ಮಾಡಿದ ಕ್ಯಾಪ್ಸೂಲ್ ಬೇರೆ.

ಇಂಬಳಕ್ಕೆ ವಾಪಸ್

ಅಜ್ಜಿಯ ಪಾದಕ್ಕೆ ಕಚ್ಚಿದ ಇಂಬಳವೂ ಒಂದು ರಕ್ತದ ಮದ್ದೇ. ಸುಶ್ರುತ ಸಂಹಿತೆಯಲ್ಲಿ ಜಿಗಣೆ ಚಿಕಿತ್ಸೆಗೆ ಒಂದು ಅಧ್ಯಾಯವೇ ಇದೆ, 12 ಬಗೆ ಹೇಳಿ ಆರು ವಿಷದ್ದು, ಆರು ವಿಷ ಇಲ್ಲದ್ದು ಅನ್ನುತ್ತೆ. ಚೀನಾದವರು ಒಣಗಿಸಿದ ಜಿಗಣೆಯನ್ನು ರಕ್ತ ಚಲಿಸುವ ಮದ್ದುಗಳ ಸಾಲಿನಲ್ಲಿ ಇಟ್ಟಿದ್ದಾರೆ. (ನೀರಿನದ್ದು ಜಿಗಣೆ, ನೆಲದ್ದು ಇಂಬಳ. ಬೆಂಗಳೂರಿನ ಗೆಳೆಯರು ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.) 1884ರಲ್ಲಿ ಜಾನ್ ಹೇಕ್ರಾಫ್ಟ್ ಅನ್ನೋ ವಿಜ್ಞಾನಿ ಜಿಗಣೆಯ ಬಾಯಿಯ ಸಾರ ರಕ್ತ ಹೆಪ್ಪುಗಟ್ಟೋದನ್ನು ತಡೆಯುತ್ತೆ ಅಂತ ತೋರಿಸಿದ. 1950ರ ದಶಕದಲ್ಲಿ ಜರ್ಮನಿಯ ಮಾರ್ಕ್‌ವಾರ್ಟ್ ಅದರಲ್ಲಿನ ಹಿರುಡಿನ್ ಅನ್ನು ಶುದ್ಧವಾಗಿ ಬೇರ್ಪಡಿಸಿದರು. ಹೆಪ್ಪು ಕಟ್ಟುವ ಸರಪಳಿಯ ಕೊನೆಯಲ್ಲಿ ಕೆಲಸ ಮಾಡುವ ಥ್ರಾಂಬಿನ್ ಅನ್ನು ಅದು ಹಿಡಿದುಬಿಡುತ್ತೆ. ಅದನ್ನೇ ಮಾದರಿ ಮಾಡಿಕೊಂಡು ತಯಾರಿಸಿದ ಬೈವಾಲಿರುಡಿನ್ ಇವತ್ತು ಆಂಜಿಯೋಪ್ಲಾಸ್ಟಿಯಲ್ಲಿ ಬಳಕೆಯಲ್ಲಿದೆ. ತುಂಡಾದ ಬೆರಳು ಜೋಡಿಸಿದ ಮೇಲೆ ರಕ್ತ ಒಳಗೇ ನಿಂತರೆ ಪ್ಲಾಸ್ಟಿಕ್ ಸರ್ಜನ್‌ಗಳು ನಿಜವಾದ ಜಿಗಣೆಯನ್ನೇ ಬಿಡುತ್ತಾರೆ. 2004ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿದೆ.

ಅಜ್ಜಿಯ ವಾರ್ಫರಿನ್ ಕೂಡ ಹುಲ್ಲಿನಿಂದ ಬಂದದ್ದೇ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯುತ್ತಿದ್ದವು. ಅವು ತಿಂದದ್ದು ತೇವಕ್ಕೆ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು. 1933ರ ಚಳಿಗಾಲದಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನ್‌ನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಅವರ ತಂಡ ವರ್ಷಗಟ್ಟಲೆ ಹುಡುಕಿ ಕಾರಣ ಕಂಡುಹಿಡಿಯಿತು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿ ಆಯಿತು. ಈ ಕಥೆ ಕೇಳಿ ಅಜ್ಜಿ, "ನಮ್ಮ ಹುಲ್ಲಿನ ಮೆದೆಯೂ ಬೂಸ್ಟು ಹಿಡಿಯುತ್ತೆ, ದನಕ್ಕೆ ಹಾಕಬೇಡ್ರೋ ಅಂತ ನಾನು ಬಡ್ಕೋತೀನಲ್ಲ" ಅಂದರು. ನಮ್ಮದು ಭತ್ತದ ಹುಲ್ಲು, ವಿಷಯ ಬೇರೆ. ಆದರೂ ಆ ಮಾತಿಗೆ ನಾನು ಎದುರು ಹೇಳಲಿಲ್ಲ.

ವಾರ್ಫರಿನ್ ಕೆಲಸ ಮಾಡೋದು ವಿಟಮಿನ್ ಕೆ ವಿರುದ್ಧ. ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳನ್ನು ಲಿವರ್ ತಯಾರಿಸೋಕೆ ಆ ವಿಟಮಿನ್ ಬೇಕು, ವಾರ್ಫರಿನ್ ಅದು ಮತ್ತೆ ಬಳಕೆಗೆ ಬರದಂತೆ ತಡೆಯುತ್ತೆ. ವಿಟಮಿನ್ ಕೆ ಹೆಚ್ಚಿರೋದು ಹಸಿರು ಸೊಪ್ಪಿನಲ್ಲಿ. ಹಾಗಾಗಿ ಆಷಾಢದ ಪತ್ರೊಡೆ ಇನ್ನೊಂದು ತುದಿಯ ಅಪಾಯ. ವರ್ಷವಿಡೀ ಕಡಿಮೆ ತಿಂದು ಒಂದು ವಾರ ದಿನಾ ಕೆಸುವಿನೆಲೆ ತಿಂದರೆ ಐಎನ್‌ಆರ್ ಇಳಿದು ಕವಾಟದಲ್ಲಿ ಹೆಪ್ಪುಗಟ್ಟಬಹುದು. ನಮ್ಮ ತಾಲೂಕಿಗೆ ತಾಗಿದ ಕೊಡಗಿನಲ್ಲಿ ಆಟಿ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರಲ್ಲ, ಅದನ್ನು ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತೆ. ಸೊಪ್ಪಿನ ಬಣ್ಣ ಅಷ್ಟೇ. ಆದರೆ ವಾರ್ಫರಿನ್ ತಗೊಳ್ಳೋರಿಗೆ ಕೆಂಪು ಮೂತ್ರ ಅಂದರೆ ಒಳಗೆ ರಕ್ತಸ್ರಾವ ಆಗ್ತಿರೋದರ ಗುರುತು. ಮದ್ದುಸೊಪ್ಪು ತಿಂದ ದಿನ ಆ ಗುರುತು ಕಳೆದುಹೋಗುತ್ತೆ.

ಅಜ್ಜಿಯನ್ನು ಎರಡು ದಿನ ಇಟ್ಟುಕೊಂಡರು. ವಾರ್ಫರಿನ್ ನಿಲ್ಲಿಸಿ ವಿಟಮಿನ್ ಕೆ ಕೊಟ್ಟರು, ಐಎನ್‌ಆರ್ ಇಳಿದ ಮೇಲೆ ಮತ್ತೆ ಶುರು ಮಾಡಿದರು. ಕಾಲಿನ ಊತಕ್ಕೆ ಬೇರೆ ಮಾತ್ರೆ ಬರೆದರು. ಸೊಪ್ಪು ಪೂರ್ತಿ ಬಿಡಬೇಕಿಲ್ಲ, ಪ್ರತಿ ವಾರ ಒಂದೇ ಅಳತೆಯಲ್ಲಿ ತಿನ್ನಿ ಅಂದರು. ಮದ್ದು ಯಾವುದೇ ಇರಲಿ, ಯಾರೇ ಕೊಟ್ಟಿರಲಿ, ತಗೊಳ್ಳೋಕೆ ಮೊದಲು ತೋರಿಸಿ ಅಂತಲೂ ಹೇಳಿದರು. ನಾಟಿ ವೈದ್ಯರ ಹತ್ತಿರ ನಾನೇ ಹೋಗಿದ್ದೆ. ಅಜ್ಜಿಗೆ ಲೋಹದ ಕವಾಟ ಇದೆ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. "ಹೇಳಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ ಕಣಪ್ಪ" ಅಂತ ಬೇಜಾರು ಮಾಡಿಕೊಂಡರು.

ಈಗ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಅಜ್ಜಿ ತಾವೇ ಬರೆಯುತ್ತಾರೆ: ಮಾತ್ರೆಗೆ ಒಂದು ಗೆರೆ, ಭಾನುವಾರ ಎರಡು ತುಂಡು ಪತ್ರೊಡೆಗೆ ಒಂದು ಸೊನ್ನೆ, ಇಂಬಳ ಕಚ್ಚಿದರೆ ಎಷ್ಟು ಹೊತ್ತಿಗೆ ನಿಂತಿತು ಅಂತ ಗಂಟೆ. ಹೋದ ತಿಂಗಳ ಐಎನ್‌ಆರ್ 2.9. ಮೊನ್ನೆ ಫೋನ್ ಮಾಡಿ ಕೇಳಿದರು, ಭಾನುವಾರ ನಾನು ಊರಿಗೆ ಬಂದರೆ ಮೂರನೇ ತುಂಡು ತಿನ್ನಬಹುದಾ ಅಂತ.